ಟಾಪ್ ಎಂಡೇ ತಗೊಳ್ಳೇನು ಮಾಮಾ? ಡಾಲಸ್‌ಗೆ ಹೊರಟ ಕಲಬುರಗಿಯವರಿಗೆ

ಎಳ್ಳ ಅಮಾವಾಸ್ಯೆ ದಿನ ಹೊಲದಾಗ ಚರಗ ಚೆಲ್ಲಿ ಬಂದು ಎಲ್ಲರೂ ಬೇವಿನ ಗಿಡದ ನೆರಳಿಗೆ ಊಟಕ್ಕೆ ಕೂತಿದ್ದೆವು. ಆಚೆ ತೊಗರಿ ಒಣಗಿ ಗಿಲಿಗಿಲಿ ಅನ್ನುತ್ತಿತ್ತು. ಅಕ್ಕನ ಮಗ ಬಲಗೈಗೆ ಭಜ್ಜಿ ಮೆತ್ತಿಕೊಂಡು, ಎಡಗೈ ಹೆಬ್ಬೆರಳಿನಿಂದ ಫೋನ್ ತಿಕ್ಕುತ್ತಿದ್ದ. ಫೆಬ್ರವರಿಗೆ ಅಮೆರಿಕದ ಟೆಕ್ಸಸ್ ರಾಜ್ಯದ ಡಾಲಸ್‌ಗೆ ಹೊರಟವನು. ಮನೆ ಇನ್ನೂ ಗೊತ್ತಾಗಿಲ್ಲ, ಗಾಡಿ ಮಾತ್ರ ಗೊತ್ತಾಗಿದೆ. ಒಂದೇ ಎಸ್‌ಯುವಿ, ನಾಲ್ಕು ಹೆಸರು, ನಾಲ್ಕು ರೇಟು. "ಮಾಮಾ, ಟಾಪ್ ಎಂಡೇ ತಗೊಳ್ಳೇನು?"

ನಾನು ಆ ಊರಿಗೆ ಹೋಗಿ 16 ವರ್ಷವಾಯಿತು. ಪ್ರತಿ ರಜೆಗೆ ಕಲಬುರಗಿಗೆ ಬಂದಾಗ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ಈ ಸಲ ಬರೆದೇ ಇಡುತ್ತೇನೆ. ಬೀದರ್, ಯಾದಗಿರಿಯವರೂ ಓದಬಹುದು, ಕೆಎ-32ರವರಿಗೇ ಮೀಸಲೇನಲ್ಲ.

ಮೊದಲು ಭಾಷೆ. ನಮ್ಮ ಕಡೆ ವೇರಿಯಂಟ್ ಅಂತೀವಿ, ಅಲ್ಲಿ ಟ್ರಿಮ್ ಅಂತಾರೆ. ನಮ್ಮ 'ಆನ್ ರೋಡ್' ರೇಟಿಗೆ ಅಲ್ಲಿ 'ಔಟ್ ದ ಡೋರ್'. ಗಾಜಿಗೆ ಅಂಟಿಸಿದ ಚೀಟಿಗೆ ವಿಂಡೋ ಸ್ಟಿಕರ್ ಎನ್ನುತ್ತಾರೆ. ಹೊಸ ಗಾಡಿಗೆ ಅದನ್ನು ಹಚ್ಚಲೇಬೇಕೆಂದು 1958ರಲ್ಲೇ ಕಾನೂನು ಮಾಡಿದ್ದಾರೆ. ಯಾವ ಟ್ರಿಮ್, ಏನೇನು ಸೇರಿದೆ, ಯಾವುದಕ್ಕೆ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಸೇಲ್ಸ್‌ನವನ ಮಾತು ಕೇಳುವ ಮೊದಲು ಆ ಚೀಟಿಯ ಫೋಟೋ ಹೊಡೆದುಕೊಳ್ಳಿ.

ಇನ್ನು ಅಸಲಿ ಮಾತು. ನಮ್ಮಪ್ಪ ಕಪನೂರಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಳೆಗೆ ಜರಾ ಎಣ್ಣೆ, ಜರಾ ನೀರು ಹಚ್ಚಿ ಪಾಲಿಶ್ ಹೊಡೆದರೆ ಅಂಗಡಿಯಲ್ಲಿ ಮಿಂಚುತ್ತದೆ. ಒಲೆ ಮೇಲಿಟ್ಟರೆ ಪಾಲಿಶ್ ಮಾಡಿದ್ದೂ ಮಾಡದ್ದೂ ಒಂದೇ ಬೇಳೆ. ಫಟಕಾ ಅನ್ನುವ ಮೇಲ್ದರ್ಜೆಯ ಬೇಳೆಯ ಮಾತು ಬೇರೆ, ಅದು ದರ್ಜೆಯೇ ಬೇರೆ. ಸ್ಪೋರ್ಟಿ ಎಸ್‌ಯುವಿಗಳಲ್ಲೂ ಈ ಎರಡು ಥರದ ವ್ಯತ್ಯಾಸ ಇದೆ. ಕೆಲವು ಟ್ರಿಮ್ ಪಾಲಿಶ್, ಕೆಲವು ದರ್ಜೆ. ಹೆಸರು ಕೇಳಿದರೆ ಯಾವುದು ಯಾವುದು ಅಂತ ತಿಳಿಯದ ಹಾಗೆ ಕಂಪನಿಯವರು ಇಟ್ಟಿರುತ್ತಾರೆ.

ಹುಡುಗ ತೋರಿಸಿದ್ದು ಅಕ್ಯುರಾ ಆರ್‌ಡಿಎಕ್ಸ್. ಮನೆ ಮುಂದೆ ಆಕ್ಟಿವಾ ನಿಂತಿದೆಯಲ್ಲ, ಅದೇ ಹೋಂಡಾದವರು 1986ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಐಷಾರಾಮಿ ಬ್ರ್ಯಾಂಡು ಅಕ್ಯುರಾ. 2019ರ ಮಾಡೆಲ್‌ನಿಂದ ಬಂದ ಮೂರನೇ ತಲೆಮಾರಿನ ಆರ್‌ಡಿಎಕ್ಸ್‌ನಲ್ಲಿ ಟೆಕ್ನಾಲಜಿ, ಎ-ಸ್ಪೆಕ್, ಅಡ್ವಾನ್ಸ್ ಅಂತ ಮೆಟ್ಟಿಲುಗಳಿವೆ. ಎ-ಸ್ಪೆಕ್ ನೋಡಿದರೆ ಬಾಯಿ ಬಿಡಬೇಕು. ಕ್ರೋಮ್ ಜಾಗದಲ್ಲೆಲ್ಲ ಕಪ್ಪು, 20 ಇಂಚಿನ ಚಕ್ರ, ಬೇಕೆಂದರೆ ಕೆಂಪು ಚರ್ಮದ ಸೀಟು. ಇನ್ನು ಬಾನೆಟ್ ಎತ್ತಿ. ಎಲ್ಲ ಟ್ರಿಮ್‌ಗೂ ಅದೇ 2 ಲೀಟರ್ ಟರ್ಬೊ, ಅದೇ 272 ಹಾರ್ಸ್‌ಪವರ್, ಅದೇ 10 ಗೇರಿನ ಆಟೊಮ್ಯಾಟಿಕ್. ಕೆಳಗಿನ ಟ್ರಿಮ್ ಎಷ್ಟು ಜೋರಾಗಿ ಓಡುತ್ತದೋ ಎ-ಸ್ಪೆಕ್ ಕೂಡ ಅಷ್ಟೇ.

ಹಾಗಂತ ಎ-ಸ್ಪೆಕ್ ಬರೀ ಪಾಲಿಶ್ ಅಂದರೆ ಅನ್ಯಾಯವಾದೀತು. ಅದರಲ್ಲಿ ಮುಂದಿನ ಸೀಟಿಗೆ ತಣ್ಣನೆ ಗಾಳಿ ಬರುತ್ತದೆ, 16 ಸ್ಪೀಕರಿನ ಸೌಂಡ್ ಬರುತ್ತದೆ. ಆಗಸ್ಟ್‌ನಲ್ಲಿ ಡಾಲಸ್ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗೆ ಹತ್ತಿದರೆ ಮೇ ತಿಂಗಳಲ್ಲಿ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ನೆನಪಾಗುತ್ತದೆ, ಬೆನ್ನು ಸೀಟಿಗೆ ಅಂಟುತ್ತದೆ. ಆ ಗಾಳಿ ಸೀಟಿಗೆ ರೊಕ್ಕ ಕೊಟ್ಟವರು ಯಾರೂ ಪಶ್ಚಾತ್ತಾಪಪಟ್ಟಿದ್ದು ನಾನು ಕಂಡಿಲ್ಲ. ಅಡ್ವಾನ್ಸ್‌ನಲ್ಲಿ ರಸ್ತೆ ನೋಡಿ ತಾನೇ ಮೆತ್ತಗಾಗುವ, ಗಟ್ಟಿಯಾಗುವ ಡ್ಯಾಂಪರ್‌ಗಳು (ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್), ಗಾಜಿನ ಮೇಲೆ ಸ್ಪೀಡ್ ತೋರಿಸುವ ಡಿಸ್ಪ್ಲೇ ಇವೆ. ನನ್ನನ್ನು ಕೇಳಿದರೆ, ಡ್ಯಾಂಪರ್ ದರ್ಜೆ, ಡಿಸ್ಪ್ಲೇ ಪಾಲಿಶ್.

ಅದೇ ಕಂಪನಿಯ ದೊಡ್ಡ ಗಾಡಿ ಎಂಡಿಎಕ್ಸ್‌ಗೆ ಬನ್ನಿ. ಅದರ ಎ-ಸ್ಪೆಕ್‌ನಲ್ಲೂ ಮಾಮೂಲು 3.5 ಲೀಟರಿನ 290 ಹಾರ್ಸ್‌ಪವರ್ ಎಂಜಿನ್ನೇ. ಟೈಪ್ ಎಸ್ ಅಂದರೆ ಮಾತ್ರ 3 ಲೀಟರ್ ಟರ್ಬೊ, 355 ಹಾರ್ಸ್‌ಪವರ್, ಗಾಳಿ ತುಂಬಿದ ಸಸ್ಪೆನ್ಶನ್, ಮುಂದೆ ಬ್ರೆಂಬೊ ಬ್ರೇಕು. ಇದು ಫಟಕಾ.

ಬಿಎಂಡಬ್ಲ್ಯು ಅಂಗಡಿಯಲ್ಲಿ 'ಎಂ' ಅಕ್ಷರ ಕಂಡ ತಕ್ಷಣ ತಲೆ ತಿರುಗಿಸಿಕೊಳ್ಳಬೇಡಿ. ಸೆಕೆಂಡ್‌ಹ್ಯಾಂಡ್‌ನಲ್ಲಿ ಧಂಡಿಯಾಗಿ ಸಿಗುವ ಹಿಂದಿನ ತಲೆಮಾರಿನ ಎಕ್ಸ್3ಯನ್ನೇ ತಗೊಳ್ಳಿ. 'ಎಂ ಸ್ಪೋರ್ಟ್' ಅಂದರೆ ಬಂಪರ್, ಸ್ಟೀರಿಂಗ್, ಚಕ್ರದ ಅಲಂಕಾರ, ಒಳಗೆ ಅದೇ ನಾಲ್ಕು ಸಿಲಿಂಡರ್, 248 ಹಾರ್ಸ್‌ಪವರ್. 'ಎಂ40ಐ' ಅಂದರೆ ಆರು ಸಿಲಿಂಡರ್, ಕೊನೆಯ ವರ್ಷಗಳಲ್ಲಿ 382. 'ಎಕ್ಸ್3 ಎಂ' ಮೂರನೆಯದು, ಬೇರೆಯೇ ಪ್ರಾಣಿ, 473ರಿಂದ ಶುರು. ಮೂರರ ಹಿಂದೂ ಮುಂದೂ ಅದೇ ಅಕ್ಷರ. ಸೆಕೆಂಡ್‌ಹ್ಯಾಂಡ್ ಮಾರುವವರು ಮೊದಲನೆಯದನ್ನು ಎರಡನೆಯದರ ಹಾಗೆ ಮಾತಾಡುತ್ತಾರೆ. ಲೆಕ್ಸಸ್ ಆರ್‌ಎಕ್ಸ್‌ನಲ್ಲೂ ಹೀಗೆ. 'ಎಫ್ ಸ್ಪೋರ್ಟ್ ಹ್ಯಾಂಡ್ಲಿಂಗ್' ತಗೊಂಡರೆ ಸಸ್ಪೆನ್ಶನ್ ಬದಲಾಗುತ್ತದೆ, ಎಂಜಿನ್ ಇಲ್ಲ. 'ಎಫ್ ಸ್ಪೋರ್ಟ್ ಪರ್ಫಾರ್ಮೆನ್ಸ್' ತಗೊಂಡರೆ 366 ಹಾರ್ಸ್‌ಪವರಿನ ಹೈಬ್ರಿಡ್, ಸ್ಟೀರಿಂಗ್ ತಿರುಗಿಸಿದರೆ ಹಿಂದಿನ ಚಕ್ರವೂ ಹೊರಳುತ್ತದೆ. ಹೆಸರಿನಲ್ಲಿ ಒಂದು ಪದದ ಫರಕು. ಮರ್ಸಿಡಿಸ್‌ನ 'ಎಎಂಜಿ ಲೈನ್' ಬರೀ ಅಂಗಿ, ಎಎಂಜಿ ಜಿಎಲ್‌ಸಿ 43 ಅಂದರೆ ಅಂಗಿಯೊಳಗಿನ ಆಳೂ ಬೇರೆ.

ಚಕ್ರದ ಬಗ್ಗೆ ಜರಾ ಹೆಚ್ಚು ಹೇಳುತ್ತೇನೆ, ನಾನು ಕೈ ಸುಟ್ಟುಕೊಂಡ ಜಾಗ ಅದು. ಮೊದಲ ಐಷಾರಾಮಿ ಗಾಡಿ ತಗೊಂಡಾಗ (ಯಾವ ಕಂಪನಿಯದು ಅನ್ನೋದು ಬೇಡ) ಟಾಪ್ ಎಂಡೇ ತಗೊಂಡೆ, 21 ಇಂಚಿನ ಚಕ್ರದ್ದು. ಟೈರಿನ ಗೋಡೆ ನನ್ನ ಐದು ಬೆರಳ ಅಗಲವೂ ಇರಲಿಲ್ಲ. ಒಂದು ರಾತ್ರಿ ಮಳೆಯಲ್ಲಿ ಹೈವೇ ಮೇಲೆ ನೀರು ತುಂಬಿದ ಗುಂಡಿ ಕಾಣಲಿಲ್ಲ. ಸೇಡಂ ರಸ್ತೆಯ ಗುಂಡಿಗೆ ಹೋಲಿಸಿದರೆ ಅದು ಗುಂಡಿಯೇ ಅಲ್ಲ, ಆದರೂ ಟಪ್ ಅಂತ ಒಂದು ಸದ್ದು. ಬೆಳಿಗ್ಗೆ ನೋಡಿದರೆ ಟೈರಿನ ಬದಿಗೆ ನಿಂಬೆಹಣ್ಣಿನಷ್ಟು ಬೊಕ್ಕೆ, ರಿಮ್ಮಿನ ಅಂಚು ಒಳಗೆ ಹೋಗಿದೆ. ಟೈರ್ ಒಂದಕ್ಕೆ 400 ಡಾಲರ್ ಮೇಲೆ. ಒಂದೇ ಬದಲಿಸೋಣ ಅಂದರೆ ಆಗುವುದಿಲ್ಲವಂತೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಇದ್ದರೆ ಗೇರಿನ ಭಾಗಕ್ಕೆ ಪೆಟ್ಟು. ಜೋಡಿಯಾಗಿ ಹಾಕಿಸಿದೆ. ಮೇಲಾಗಿ ಅದರ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಹಿಂದೆ-ಮುಂದೆ ಅದಲುಬದಲು ಮಾಡಿ ಸವೆತ ಸಮ ಮಾಡೋಣ ಅಂದರೆ ಅದೂ ಸಾಧ್ಯವಿಲ್ಲ. ಆ ಚಕ್ರಕ್ಕೆ ರೊಕ್ಕ ಕೊಟ್ಟು ತಗೊಂಡವನು ನಾನೇ.

ಆದ್ದರಿಂದ ಟೈರಿನ ಮೇಲೆ ಬರೆದ ಅಂಕಿ ಓದುವುದು ಕಲಿಯಿರಿ. ಆರ್‌ಡಿಎಕ್ಸ್‌ನ 19 ಇಂಚಿಗೆ 235/55 ಅಂತ ಇರುತ್ತದೆ. 235 ಮಿಲಿಮೀಟರ್ ಅಗಲ, ಅದರ ನೂರಕ್ಕೆ 55ರಷ್ಟು ಗೋಡೆ, ಅಂದರೆ ಸುಮಾರು 129 ಮಿಲಿಮೀಟರ್. ಎ-ಸ್ಪೆಕ್‌ನ 20 ಇಂಚಿಗೆ 255/45, ಗೋಡೆ 115. ಒಂದೂವರೆ ಸೆಂಟಿಮೀಟರ್ ರಬ್ಬರ್ ಕಡಿಮೆ. ಸೊಂಟಕ್ಕೆ ಗೊತ್ತಾಗುತ್ತದೆ. ಇನ್ನು ಕೆಲವು ಜೋರು ಟ್ರಿಮ್‌ಗಳಿಗೆ ಬೇಸಿಗೆ ಟೈರ್ ಹಾಕಿ ಕೊಡುತ್ತಾರೆ. 7 ಡಿಗ್ರಿಗಿಂತ ಕೆಳಗೆ ಹೋದರೆ ಆ ರಬ್ಬರ್ ಬಿರುಸಾಗಿ ಹಿಡಿತ ಬಿಡುತ್ತದೆ. ಡಾಲಸ್‌ನಲ್ಲಿ ಚಳಿಗಾಲ ಇಲ್ಲ ಅಂತ ಯಾರಾದರೂ ಹೇಳಿದರೆ, ಹಿಮ ಬಿದ್ದು ಊರೇ ಹೆಪ್ಪುಗಟ್ಟಿದ 2021ರ ಫೆಬ್ರವರಿ ಬಗ್ಗೆ ಕೇಳಿ. 'ಆಲ್ ಸೀಸನ್' ಇದ್ದದ್ದೇ ತಗೊಳ್ಳಿ.

ಹಿಂದಿನ ಸೀಟಿನಲ್ಲಿ ಕೂತು ನೋಡದೆ ಸಹಿ ಹಾಕಬೇಡಿ. ನಮ್ಮವ್ವ ಆರು ತಿಂಗಳಿಗೆ ಬಂದಾಗ ವಿಮಾನ ನಿಲ್ದಾಣದಿಂದ ಮನೆಗೆ ಆ 21 ಇಂಚಿನ ಗಾಡಿಯಲ್ಲೇ ಕರೆತಂದೆ. ಸ್ಪೋರ್ಟ್ ಮೋಡ್ ಬೇರೆ. ಅರ್ಧ ದಾರಿಗೆ, "ಇಷ್ಟು ರೊಕ್ಕ ಕೊಟ್ಟು ಟಂಟಂ ತಗೊಂಡಿಯೇನೋ ಯಪ್ಪಾ?" ಅಂದಳು. ನಿಮ್ಮ ಅಪ್ಪ-ಅವ್ವ ಬರುತ್ತಾರೆ, ಮೊಣಕಾಲು ನೋವು ಇಟ್ಟುಕೊಂಡೇ ಬರುತ್ತಾರೆ. ಸ್ಪೋರ್ಟ್ ಸೀಟಿನ ಬದಿ ಎದ್ದಿರುತ್ತದೆ, ಸೀರೆ ಉಟ್ಟವರು ಹತ್ತಿ ಇಳಿಯುವುದು ಕಷ್ಟ. ಟೆಸ್ಟ್ ಡ್ರೈವ್‌ಗೆ ಹೋದಾಗ ಶೋರೂಮಿನವರು ತೋರಿಸುವ ನುಣುಪು ರಸ್ತೆ ಬಿಟ್ಟು, ನೀವು ದಿನಾ ಹೋಗುವ ರಸ್ತೆಯಲ್ಲೇ ಓಡಿಸಿ. ಸ್ಟೀರಿಂಗ್ ಎಡಕ್ಕಿರುತ್ತದೆ ಅನ್ನುವುದು ಗೊತ್ತೇ ಇದೆ, ಆದರೂ ಮೊದಲ ವಾರ ಎಡಗೈ ಬಾಗಿಲಿನ ಕಡೆ ಗೇರು ಹುಡುಕುತ್ತದೆ. ಆ ವಾರ ಗಾಡಿ ಖರೀದಿಗೆ ಹೋಗಬೇಡಿ.

ರೊಕ್ಕದ ವಿಷಯ. ಹೊಸಬರಿಗೆ ಅಲ್ಲಿ ಕ್ರೆಡಿಟ್ ಸ್ಕೋರ್ ಅನ್ನುವುದೇ ಇರುವುದಿಲ್ಲ. 300ರಿಂದ 850ರವರೆಗಿನ ಅಂಕ ಅದು, ಕಾರ್ಡ್ ತಗೊಂಡು ಆರು ತಿಂಗಳಾದರೂ ಆಗದೆ ಹುಟ್ಟುವುದಿಲ್ಲ. ಕಲಬುರಗಿಯಲ್ಲಿ ನಿಮ್ಮಪ್ಪನಿಗೆ ಎಷ್ಟು ಎಕರೆ ಇದೆ ಅನ್ನುವುದು ಅಲ್ಲಿಯ ಬ್ಯಾಂಕಿಗೆ ಬೇಕಿಲ್ಲ. 50,000 ಡಾಲರ್ ಸಾಲ, 72 ತಿಂಗಳು ಅಂದುಕೊಳ್ಳಿ. ಬಡ್ಡಿ 9 ಇದ್ದರೆ ತಿಂಗಳ ಕಂತು ಸುಮಾರು 901, 6 ಇದ್ದರೆ 829. ಆರು ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 5,200 ಡಾಲರ್ ಫರಕು. ಒಂದು ಟ್ರಿಮ್ ಮೇಲಕ್ಕೆ ಹತ್ತುವಷ್ಟು ರೊಕ್ಕ ಬಡ್ಡಿಯಲ್ಲೇ ಕರಗಿತು. ಮೊದಲ ವರ್ಷ ಹಳೇ ಸೆಡಾನ್ ಓಡಿಸಿ, ಸ್ಕೋರ್ ಬೆಳೆಸಿ, ಎರಡನೇ ವರ್ಷ ಅದೇ ಕಂತಿಗೆ ಮೇಲಿನ ಟ್ರಿಮ್ ತಗೊಳ್ಳಬಹುದು. ಹುಡುಗನಿಗೆ ಇದು ಇಷ್ಟವಾಗಲಿಲ್ಲ, ಮುಖ ತೊಗರಿ ಕಡೆ ತಿರುಗಿಸಿದ.

ಶೋರೂಮಿನಲ್ಲಿ "ತಿಂಗಳಿಗೆ ಎಷ್ಟು ಕಟ್ಟುತ್ತೀರಿ?" ಅಂತಲೇ ಮಾತು ಶುರು ಮಾಡುತ್ತಾರೆ. ಉತ್ತರ ಕೊಡಬೇಡಿ, ಪೂರ್ತಿ ರೇಟು ಕೇಳಿ. ತಿಂಗಳ ಲೆಕ್ಕಕ್ಕೆ ಬಿದ್ದರೆ 84 ತಿಂಗಳಿಗೆ ಎಳೆದು ಯಾವ ಟ್ರಿಮ್ ಬೇಕಾದರೂ ಕೈಗೆಟುಕುವ ಹಾಗೆ ಕಾಣಿಸುತ್ತಾರೆ. ಸಾಲ ಕೊಡುವವರಲ್ಲಿ ಕೆಲವರು ವೀಸಾ ಮುಗಿಯುವ ತಾರೀಕಿನ ಆಚೆಗೆ ಸಾಲ ಕೊಡುವುದಿಲ್ಲ ಅನ್ನುವುದೂ ನೆನಪಿರಲಿ. ಟೆಕ್ಸಸ್‌ನಲ್ಲಿ ಗಾಡಿಗೆ 6.25 ಪರ್ಸೆಂಟ್ ತೆರಿಗೆ, 50,000ಕ್ಕೆ 3,125. ಲೀಸ್, ಅಂದರೆ ಕೆಲವು ವರ್ಷದ ಬಾಡಿಗೆಗೆ, ತಗೊಂಡರೆ ಕಂತಿನ ಮೇಲಷ್ಟೇ ತೆರಿಗೆ ಬೀಳುತ್ತದೆ ಅಂತ ಬೇರೆ ರಾಜ್ಯದ ಗೆಳೆಯರು ಹೇಳುತ್ತಾರೆ. ಟೆಕ್ಸಸ್‌ನಲ್ಲಿ ಹಾಗಲ್ಲ, ಪೂರ್ತಿ ಬೆಲೆಯ ಮೇಲಿನ ತೆರಿಗೆ ಕೊನೆಗೆ ನಿಮ್ಮ ತಲೆಗೇ ಬರುತ್ತದೆ. ಲೀಸಿನ ಬಡ್ಡಿಯನ್ನು 'ಮನಿ ಫ್ಯಾಕ್ಟರ್' ಅಂತ 0.0025ರ ಥರ ಚಿಕ್ಕ ಅಂಕಿಯಲ್ಲಿ ಬರೆದಿರುತ್ತಾರೆ. 2400ರಿಂದ ಗುಣಿಸಿ, 6 ಪರ್ಸೆಂಟ್ ಅಂತ ಬಣ್ಣ ಬಯಲಾಗುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಒಳಗಿನ ಕೋಣೆಗೆ ಕರೆಯುತ್ತಾರೆ. ಟೈರಿಗೆ ನೈಟ್ರೋಜನ್, ಬಣ್ಣಕ್ಕೆ ರಕ್ಷಣೆ, ಗಾಜಿನ ಮೇಲೆ ನಂಬರ್ ಕೆತ್ತನೆ, ಎಕ್ಸ್‌ಟೆಂಡೆಡ್ ವಾರಂಟಿ. ನನ್ನಿಂದ ಆ ಕೋಣೆಯಲ್ಲಿ 1,900 ಡಾಲರ್ ಕಿತ್ತುಕೊಂಡರು. ಅದರಲ್ಲಿ ನೈಟ್ರೋಜನ್ ಒಂದು, ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಇದೆ. ಬೇಡ ಅನ್ನಿ, ಮತ್ತೆ ಬೇಡ ಅನ್ನಿ. ಮರ್ಯಾದೆಗೆ ಅಂಜಬೇಡಿ. ನಮ್ಮ ಕಡೆಯವರು ಎದುರಿಗೆ ಕೂತವರಿಗೆ ಬೇಡ ಅನ್ನಲು ನಾಚುತ್ತೇವೆ, ಅದು ಅವರಿಗೆ ಚೆನ್ನಾಗಿ ಗೊತ್ತು.

ಸಣ್ಣಪುಟ್ಟವು: ಟರ್ಬೊ ಎಂಜಿನ್ನಿಗೆ ಪ್ರೀಮಿಯಂ ಪೆಟ್ರೋಲ್ ಹಾಕಿ ಅಂತಾರೆ, ಗ್ಯಾಲನ್‌ಗೆ 50 ಸೆಂಟ್ ಫರಕು ಹಿಡಿದರೂ ವರ್ಷಕ್ಕೆ 12,000 ಮೈಲಿ ಓಡಿಸುವವನಿಗೆ 250 ಡಾಲರ್ ಹೆಚ್ಚು. ವಸಂತದಲ್ಲಿ ಆಲಿಕಲ್ಲು ಬೀಳುತ್ತದೆ, ಮೇಲ್ಛಾವಣಿ ಪೂರಾ ಗಾಜಿನದು ತಗೊಳ್ಳುವವರು ಕಾಂಪ್ರಹೆನ್ಸಿವ್ ವಿಮೆ ಬಿಡಬೇಡಿ. ಟೆಕ್ಸಸ್‌ನಲ್ಲಿ ಶೋರೂಮುಗಳು ಶನಿವಾರ, ಭಾನುವಾರಗಳಲ್ಲಿ ಯಾವುದಾದರೂ ಒಂದೇ ದಿನ ಗಾಡಿ ಮಾರಬಹುದು, ಹೆಚ್ಚಿನವರು ಭಾನುವಾರ ಬಾಗಿಲು ಹಾಕುತ್ತಾರೆ. ನನಗೆ ಭಾನುವಾರವೇ ಇಷ್ಟ. ಯಾರೂ ಬೆನ್ನು ಹತ್ತುವುದಿಲ್ಲ, ಅಂಗಳದಲ್ಲಿ ನಿಂತ ಗಾಡಿಗಳ ಚೀಟಿ ಓದಿಕೊಂಡು ಆರಾಮಾಗಿ ತಿರುಗಬಹುದು.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ಎರಡನೇ ಸಲ ಅಂಬಲಿ ಹಾಕಿದ್ದಳು. ಹುಡುಗ ಕೈ ತೊಳೆದುಕೊಂಡು ಬಂದ. "ಹಂಗಂದ್ರ ಒಂದು ವರ್ಷ ಹಳೇ ಸೆಡಾನು. ಆಮ್ಯಾಲ ಆರ್‌ಡಿಎಕ್ಸು, 19 ಇಂಚಿಂದು, ಡ್ಯಾಂಪರ್ ಇದ್ದ ಅಡ್ವಾನ್ಸು. ಬರೋಬರಿ ಅದ ಏನ್ರಿ?"

"ಬರೋಬರಿ."

"ಅದರಾಗ ಕೆಂಪು ಸೀಟು ಬರ್ತದೇನ್ ಮಾಮಾ?"

"ಇಲ್ಲಪಾ. ಕೆಂಪು ಬೇಕಂದ್ರ ಎ-ಸ್ಪೆಕ್ಕೇ ತಗೋಬೇಕು."

ಮತ್ತೆ ಫೋನ್ ತೆಗೆದ.