ಅಲ್ಪಮತದ ಸರ್ಕಾರ: ನಾಯಕನ ಬಲ ಅಳೆಯುವುದು ಹೇಗೆ?

ಬಹುಮತವಿಲ್ಲದ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ ದಿನದಿಂದಲೇ ‘ಇದು ಎಷ್ಟು ದಿನ ಬಾಳೀತು?’ ಎಂಬ ಚರ್ಚೆ ಶುರುವಾಗುತ್ತದೆ. ನಾಯಕನ ಬಲವನ್ನು ಅಳೆಯಲು ಇದು ಸರಿಯಾದ ಪ್ರಶ್ನೆಯೇ ಅಲ್ಲ. ತನ್ನ ಮಾತು ಕೇಳಲೇಬೇಕೆಂಬ ಕಟ್ಟುಪಾಡಿಲ್ಲದವರನ್ನು ಒಪ್ಪಿಸಿ ಆತ ಏನೇನು ಮಾಡಿಸಿದ ಎಂಬುದನ್ನು ನೋಡಬೇಕು. ಮುಂದಿನ ಬಾರಿ ಇಂಥ ಸರ್ಕಾರ ಬಂದಾಗ ಹೀಗೆ ಪರೀಕ್ಷಿಸಿ.

ಮೊದಲು, ಬೀಳಿಸಬಲ್ಲವರ ಪಟ್ಟಿ ಮಾಡಿ

ಸರ್ಕಾರಕ್ಕೆ ಎಷ್ಟು ಸ್ಥಾನ ಕಡಿಮೆ ಎಂದು ಲೆಕ್ಕ ಹಾಕಿ ಸುಮ್ಮನಾಗಬೇಡಿ. ಅದನ್ನು ಬೀಳಿಸಲು ಯಾರು ಯಾರು ಒಂದಾಗಬೇಕು, ಅವರು ಒಂದಾಗುವುದು ಸಾಧ್ಯವೇ ಎಂದು ನೋಡಿ. 1991ರ ಜೂನ್‌ನಲ್ಲಿ ಪಿ.ವಿ. ನರಸಿಂಹರಾವ್ ಪ್ರಧಾನಿಯಾದಾಗ ಕಾಂಗ್ರೆಸ್ಸಿಗೆ ಬಹುಮತ ಇರಲಿಲ್ಲ; ರಾವ್ ಸಂಸತ್ತಿನ ಸದಸ್ಯರೂ ಆಗಿರಲಿಲ್ಲ. ಆದರೆ ಅವರನ್ನು ಬೀಳಿಸಲು ಬಿಜೆಪಿ, ಜನತಾ ದಳ, ಎಡಪಕ್ಷಗಳು ಒಟ್ಟಿಗೆ ಕೈ ಎತ್ತಬೇಕಿತ್ತು. ಮಂಡಲ್ (ಹಿಂದುಳಿದ ವರ್ಗಗಳ ಮೀಸಲಾತಿ) ಮತ್ತು ಅಯೋಧ್ಯೆಯ ಜಗಳ ಕಾವೇರಿದ್ದ ಆ ಕಾಲದಲ್ಲಿ ಅದು ಸುಲಭವಿರಲಿಲ್ಲ. ವಿಶ್ವಾಸಮತದ ದಿನ ಜನತಾ ದಳ ನೇತೃತ್ವದ ರಾಷ್ಟ್ರೀಯ ರಂಗ ಮತ್ತು ಎಡರಂಗ ಮತದಾನದಿಂದ ದೂರ ಉಳಿದವು, ಸರ್ಕಾರ ಉಳಿಯಿತು. ಇಂಥ ಉಳಿವಿನಲ್ಲಿ ನಾಯಕನ ಪಾಲೆಷ್ಟು, ಎದುರಾಳಿಗಳ ಒಡಕಿನ ಪಾಲೆಷ್ಟು ಎಂದು ಬಿಡಿಸಿ ನೋಡಿ.

ಉರುಳಿದವರಿಗೂ ಇದೇ ನ್ಯಾಯ ಸಲ್ಲಬೇಕು. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಹನ್ನೊಂದು ತಿಂಗಳೂ ತುಂಬಿಸಲಿಲ್ಲ. ಆದರೆ ಬೆಂಬಲ ಹಿಂತೆಗೆದುಕೊಂಡ ಕಾಂಗ್ರೆಸ್ ಕೇಳಿದ್ದು ನಾಯಕನ ಬದಲಾವಣೆಯನ್ನು ಮಾತ್ರ. ಅವರನ್ನು ಪ್ರಧಾನಿ ಮಾಡಿದ್ದ ಸಂಯುಕ್ತ ರಂಗದ ಅದೇ ಒಕ್ಕೂಟ ಗುಜ್ರಾಲ್ ಅವರ ನೇತೃತ್ವದಲ್ಲಿ ಮುಂದುವರಿಯಿತು. ದೇವೇಗೌಡರ ಆ ಅಲ್ಪಾವಧಿಯಲ್ಲೇ, 1996ರ ಡಿಸೆಂಬರಿನಲ್ಲಿ, ಬಾಂಗ್ಲಾದೇಶದ ಜೊತೆ ಗಂಗಾ ನೀರು ಹಂಚಿಕೆಯ ಒಪ್ಪಂದಕ್ಕೆ ಸಹಿಯಾಗಿತ್ತು. ಅವರನ್ನು ದುರ್ಬಲ ಪ್ರಧಾನಿ ಎಂದು ತಳ್ಳಿಹಾಕುವುದು ಅನ್ಯಾಯ.

ನಂತರ, ಕಷ್ಟದ ಮಸೂದೆಗಳನ್ನು ಹುಡುಕಿ

ಧ್ವನಿಮತದಲ್ಲಿ ಪಾಸಾದ ಸಣ್ಣಪುಟ್ಟ ಮಸೂದೆಗಳನ್ನು ಬಿಟ್ಟುಬಿಡಿ. ಮೂರನೇ ಎರಡರಷ್ಟು ಮತ ಬೇಕಾದ ಸಂವಿಧಾನ ತಿದ್ದುಪಡಿ ಏನಾದರೂ ಆಗಿದೆಯೇ? ನಾನು ಅತಿ ಹೆಚ್ಚು ತೂಕ ಕೊಡುವುದು ಇದಕ್ಕೆ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಅದನ್ನು ತಡೆಯಲಾಗದ್ದು ರಾವ್ ನಾಯಕತ್ವದ ಅತಿದೊಡ್ಡ ಸೋಲು, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಅದೇ ತಿಂಗಳು ಅವಿಶ್ವಾಸ ಗೊತ್ತುವಳಿಯನ್ನೂ ಎದುರಿಸಿದ ಅದೇ ಲೋಕಸಭೆಯಲ್ಲಿ, ಡಿಸೆಂಬರ್ 22ರಂದು, ಪಂಚಾಯತ್ ರಾಜ್‌ಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಮಸೂದೆ ಅಂಗೀಕಾರವಾಯಿತು. ಎರಡೂ ಒಬ್ಬನೇ ನಾಯಕನ ಲೆಕ್ಕಕ್ಕೆ ಸೇರಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸುವ ಬರಹವನ್ನು ನಂಬಬೇಡಿ.

ಮತಕ್ಕೆ ತೆತ್ತ ಬೆಲೆ ಏನು?

ಇಲ್ಲಿ ನಿಧಾನವಾಗಿ ಓದಿ. ರಾವ್ ಸರ್ಕಾರ ಎದುರಿಸಿದ 1993ರ ಜುಲೈ 28ರ ಅವಿಶ್ವಾಸ ಗೊತ್ತುವಳಿಯ ಪರ 251, ವಿರುದ್ಧ 265 ಮತ ಬಿದ್ದವು. ಗೆಲುವಿನ ಅಂತರ ಕೇವಲ 14. ಮರುದಿನದ ಪತ್ರಿಕೆ ಓದಿದವರಿಗೆ ಇದು ಚಾಣಾಕ್ಷತನದ ಗೆಲುವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆಮೇಲೆ ಹೊರಬಂದದ್ದು ಜಾರ್ಖಂಡ್ ಮುಕ್ತಿ ಮೋರ್ಚಾ ಸಂಸದರಿಗೆ ಲಂಚ ಕೊಟ್ಟ ಆರೋಪ. ವಿಚಾರಣಾ ನ್ಯಾಯಾಲಯ 2000ದಲ್ಲಿ ರಾವ್ ಅವರನ್ನು ದೋಷಿ ಎಂದಿತು, ದೆಹಲಿ ಹೈಕೋರ್ಟ್ 2002ರಲ್ಲಿ ಖುಲಾಸೆ ಮಾಡಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಸಂಸದೀಯ ರಕ್ಷಣೆ ಇದೆ ಎಂದಿದ್ದ 1998ರ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರಲ್ಲಿ. ಹಾಗಾಗಿ ಮತ ಎಣಿಸಿದ ರಾತ್ರಿಯೇ ನಾಯಕನಿಗೆ ಅಂಕ ಕೊಡಬೇಡಿ. ಯಾರು ಕೊನೆಯ ಗಳಿಗೆಯಲ್ಲಿ ಬಣ ಬದಲಿಸಿದರು, ಆರು ತಿಂಗಳಲ್ಲಿ ಅವರಿಗೆ ಯಾವ ಖಾತೆ, ಯಾವ ನಿಗಮ ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ.

‘ಆಗುವುದಿಲ್ಲ’ ಎಂದದ್ದೂ ಲೆಕ್ಕಕ್ಕಿದೆ. ತಮಿಳುನಾಡಿನ ಡಿಎಂಕೆ ಸರ್ಕಾರವನ್ನು ವಜಾ ಮಾಡಿ ಎಂಬ ಜಯಲಲಿತಾ ಅವರ ಒತ್ತಡಕ್ಕೆ ವಾಜಪೇಯಿ ಮಣಿಯಲಿಲ್ಲ. ಅಣ್ಣಾ ಡಿಎಂಕೆ ಕೈಬಿಟ್ಟಿತು. 1999ರ ಏಪ್ರಿಲ್ 17ರಂದು ಸರ್ಕಾರ ಒಂದೇ ಮತದಿಂದ, 269–270ರಲ್ಲಿ, ಬಿತ್ತು. ಅಂದು ಸೋತವರು ಅದೇ ವರ್ಷ ಚುನಾವಣೆ ಗೆದ್ದು ಮರಳಿದರು.

ಕೊನೆಗೆ, ಬಹುಮತ ಸಿಕ್ಕ ಮೇಲೂ ಗಮನಿಸಿ

ನಮ್ಮ ರಾಜ್ಯದ ರಾಮಕೃಷ್ಣ ಹೆಗಡೆಯವರನ್ನು ನೋಡಿ. 1983ರಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 95. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಎಡಪಕ್ಷಗಳು; ಎರಡನ್ನೂ ಹೊರಗಿನ ಬೆಂಬಲಕ್ಕೆ ಒಪ್ಪಿಸಿ ಲೋಕಾಯುಕ್ತ ಕಾಯ್ದೆ ತಂದರು, ತಮ್ಮ ಸಚಿವ ನಜೀರ್ ಸಾಬರ ಜಿಲ್ಲಾ ಪರಿಷತ್ ಮಸೂದೆಗೆ ಬೆನ್ನಿಗೆ ನಿಂತರು. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ 28ರಲ್ಲಿ 4 ಸ್ಥಾನಕ್ಕೆ ಕುಸಿದಾಗ, ಯಾರೂ ಬೀಳಿಸದಿದ್ದರೂ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ 139 ಸ್ಥಾನ ಬಂತು. ಆಮೇಲೆ ಅವರನ್ನು ಕಾಡಿದ್ದು ಸ್ವಂತ ಪಕ್ಷದ ಭಿನ್ನಮತ. 1988ರಲ್ಲಿ ದೂರವಾಣಿ ಕದ್ದಾಲಿಕೆ ವಿವಾದದಲ್ಲಿ ಕುರ್ಚಿ ಬಿಟ್ಟಾಗ ಅವರ ಪಕ್ಷಕ್ಕೆ ಸದನದಲ್ಲಿ ಸಂಖ್ಯೆಯ ಕೊರತೆ ಇರಲಿಲ್ಲ.