ಮನೆ ಬಿಯರ್‌ಗೆ ಮಾಲ್ಟ್ ಒಡೆಯುವ ಮಿಲ್: ಕಡಿಮೆ ದುಡ್ಡಿಗೆ ಯಾವುದು ಸಾಕು?

ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಚ್ಚಿ ನೋಡಿ. ಮೊಳಕೆ ಬರಿಸದ ಬಾರ್ಲಿಯ ಹಾಗೆ ಹಲ್ಲಿಗೆ ಸವಾಲು ಹಾಕುವುದಿಲ್ಲ. ಕುರುಂ ಅಂತ ಒಡೆಯುತ್ತದೆ, ಒಳಗಿನ ಬಿಳಿ ತಿರುಳು ಹಿಟ್ಟಾಗಿ ನಾಲಿಗೆಗೆ ಸಿಹಿ ಹತ್ತುತ್ತದೆ. ಸಿಪ್ಪೆ ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಕಾಡುತ್ತದೆ. ಬಿಯರ್ ಮಾಡುವವರಿಗೆ ಈ ಎರಡೂ ಬೇಕು. ತಿರುಳಿನಿಂದ ಸಕ್ಕರೆ ಬರುತ್ತದೆ, ಕಾಡುವ ಆ ಸಿಪ್ಪೆಯೇ ಪಾತ್ರೆಯ ತಳದಲ್ಲಿ ಜರಡಿಯಾಗಿ ಕೂತು ರಸವನ್ನು ಸೋಸಿ ಕೊಡುತ್ತದೆ. ತಿರುಳು ಒಡೆಯಬೇಕು, ಸಿಪ್ಪೆ ಆದಷ್ಟು ಇಡಿಯಾಗಿ ಉಳಿಯಬೇಕು. ಮಿಲ್‌ಗೆ ಇರುವುದು ಇಷ್ಟೇ ಕೆಲಸ. ಇದನ್ನು 40 ಡಾಲರಿನ ಮಿಲ್ಲೂ ಮಾಡಬಲ್ಲದು, 300 ಡಾಲರಿನದೂ ಕೆಡಿಸಬಲ್ಲದು.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಬರೆದಿರುವುದು ಅಮೆರಿಕದಲ್ಲಿರುವ ಓದುಗರಿಗೆ. ಅಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಳಕೆಗೆ ಬಿಯರ್ ತಯಾರಿಸಲು ಫೆಡರಲ್ ತೆರಿಗೆಯ ಅಡ್ಡಿ ಹೋಯಿತು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇರುವ ಮನೆಗೆ 200 ಗ್ಯಾಲನ್ ಮಿತಿ. ಮಾರುವಂತಿಲ್ಲ. ರಾಜ್ಯಗಳದ್ದು ಬೇರೆ ಬೇರೆ ನಿಯಮ, ಕೊನೆಗೆ ಒಪ್ಪಿದ ಮಿಸಿಸಿಪ್ಪಿ ಮತ್ತು ಅಲಬಾಮಾಗಳಲ್ಲಿ ಇದು ಕಾನೂನುಬದ್ಧವಾದದ್ದು 2013ರಲ್ಲಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಊರಿನಲ್ಲಿರುವವರು ಇದನ್ನು ಓದಿ ತಿಳಿದುಕೊಳ್ಳಿ, ಅಷ್ಟೇ ಸಾಕು.

ಮೊದಲು ಲೆಕ್ಕ ಹಾಕಿ

ಮಿಲ್ ನಿಮಗೆ ಬೇಕೇ ಬೇಕಾ? ಹೆಚ್ಚಿನವರು ಈ ಪ್ರಶ್ನೆ ಕೇಳಿಕೊಳ್ಳುವುದೇ ಇಲ್ಲ, ನೇರ ಆರ್ಡರ್ ಹಾಕುತ್ತಾರೆ. ಬಿಯರ್ ಸಾಮಾನು ಮಾರುವ ಅಂಗಡಿಗಳಲ್ಲಿ ಮಾಲ್ಟ್ ಕೊಂಡರೆ ಅವರೇ ಒಡೆದು ಕೊಡುತ್ತಾರೆ. ಬಹಳ ಕಡೆ ಅದಕ್ಕೆ ಬೇರೆ ದುಡ್ಡೂ ಇಲ್ಲ.

5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರ್‌ಗೆ 10ರಿಂದ 12 ಪೌಂಡ್ ಮಾಲ್ಟ್ ಬೇಕು. 25 ಕೆಜಿ ಮೂಟೆಯಲ್ಲಿ 55 ಪೌಂಡ್ ಇರುತ್ತದೆ, ಐದು ಸಲಕ್ಕೆ ಬರುತ್ತದೆ. ನಿಮ್ಮ ಅಂಗಡಿಯಲ್ಲಿ ಬಿಡಿ ಮಾಲ್ಟ್ ಪೌಂಡಿಗೆ 2 ಡಾಲರ್, ಮೂಟೆ ಲೆಕ್ಕದಲ್ಲಿ 1.30 ಡಾಲರ್ ಇದೆ ಅಂದುಕೊಳ್ಳಿ. ಮೂಟೆಗೆ 38 ಡಾಲರ್ ಉಳಿಯಿತು. 120 ಡಾಲರಿನ ಮಿಲ್ ಕೊಂಡರೆ ಮೂರು ಮೂಟೆ ದಾಟಿದ ಮೇಲೆ, ಅಂದರೆ ಹದಿನಾರನೇ ಸಲ ಬಿಯರ್ ಮಾಡುವ ಹೊತ್ತಿಗೆ ಅದರ ದುಡ್ಡು ವಾಪಸ್. ತಿಂಗಳಿಗೊಮ್ಮೆ ಮಾಡುವವರಿಗೆ ಒಂದೂಕಾಲು ವರ್ಷ. ಮೂರು ತಿಂಗಳಿಗೊಮ್ಮೆ ಮಾಡುವವರಿಗೆ ನಾಲ್ಕು ವರ್ಷ. ಎರಡನೇ ಗುಂಪಿನವರು ನೀವಾದರೆ ಸುಮ್ನೆ ಅಂಗಡಿಯಲ್ಲೇ ಒಡೆಸಿಕೊಳ್ಳಿ. ನುಚ್ಚು ದಪ್ಪ ಅನಿಸಿದರೆ ಎರಡು ಸಲ ಮಿಲ್‌ಗೆ ಹಾಕಿ ಅಂತ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಸಿಗದ ಲಾಭವೂ ಇದೆ. ಒಡೆದ ಮಾಲ್ಟ್ ತೇವ ಎಳೆದುಕೊಂಡು ಬೇಗ ಮಂಕಾಗುತ್ತದೆ, ಕೆಲವು ವಾರದೊಳಗೆ ಬಳಸಿಬಿಡುವುದು ಒಳ್ಳೆಯದು. ಇಡೀ ಕಾಳನ್ನು ಗಾಳಿಯಾಡದ ಡಬ್ಬದಲ್ಲಿ ತಂಪಾದ ಕಡೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ.

ನಿಮ್ಮ ವಿಧಾನ ಯಾವುದು?

ಯಾವ ಮಿಲ್ ಅನ್ನುವುದು ಇಲ್ಲಿಯೇ ತೀರ್ಮಾನವಾಗುತ್ತದೆ. ಒಡೆದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿಡುತ್ತಾರೆ. ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ರಸವನ್ನು ಚರಟದಿಂದ ಬೇರೆ ಮಾಡಬೇಕು. ಇದಕ್ಕೆ ಮನೆಗಳಲ್ಲಿ ಎರಡು ದಾರಿ.

ಒಂದು, ಬಟ್ಟೆ ಚೀಲ. ಮಾಲ್ಟನ್ನು ದೊಡ್ಡ ನೈಲಾನ್ ಅಥವಾ ಪಾಲಿಯೆಸ್ಟರ್ ಚೀಲದೊಳಗೇ ನೆನೆಸಿ, ಕೊನೆಗೆ ಚೀಲ ಎತ್ತಿ ಹಿಂಡುವುದು. ಇಲ್ಲಿ ಸೋಸುವ ಕೆಲಸ ಬಟ್ಟೆಯದು. ಸಿಪ್ಪೆ ಹರಿದರೂ ಕೆಲಸ ನಿಲ್ಲುವುದಿಲ್ಲ.

ಎರಡು, ತಳದಲ್ಲಿ ಜಾಲರಿ ಮತ್ತು ನಲ್ಲಿ ಇರುವ ಕೂಲರ್ ಡಬ್ಬ (ಐಸ್ ಇಡುವಂಥ, ಬಿಸಿಯನ್ನೂ ಆರಗೊಡದ ಪೆಟ್ಟಿಗೆ). ಇಲ್ಲಿ ಸಿಪ್ಪೆಯ ಹಾಸೇ ಜರಡಿ. ಸಿಪ್ಪೆ ಪುಡಿಯಾಗಿ, ಹಿಟ್ಟು ಜಾಸ್ತಿಯಾದರೆ ಆ ಹಾಸು ಗಂಜಿಯ ಹಾಗೆ ಗಟ್ಟಿಯಾಗಿ ನಲ್ಲಿ ಕಟ್ಟಿಕೊಳ್ಳುತ್ತದೆ. ಬಿಸಿ ರಸ ಒಳಗೆ, ಹೊರಗೆ ತೊಟ್ಟು ತೊಟ್ಟು. ಅರ್ಧ ದಿನ ಹಾಳು.

ಚೀಲದವರಿಗೆ ಅಗ್ಗದ ಮಿಲ್ ಸಾಕು. ಕೂಲರ್‌ನವರು ರೋಲರ್ ಮಿಲ್‌ಗೇ ಹೋಗಬೇಕು. ಇನ್ನೂ ಯಾವುದನ್ನೂ ಶುರು ಮಾಡಿಲ್ಲ, ಖರ್ಚು ಕಡಿಮೆ ಇರಲಿ ಅನ್ನುವವರಿಗೆ ನನ್ನ ಸಲಹೆ ಚೀಲವೇ.

ಮನೆಯಲ್ಲಿರುವ ಮಿಕ್ಸಿ ಆಗಲ್ವಾ?

ಇದನ್ನು ನಮ್ಮವರು ಕೇಳದೆ ಬಿಡುವುದಿಲ್ಲ. ಮಿಕ್ಸಿಯ ಬ್ಲೇಡು ಸಿಪ್ಪೆ, ತಿರುಳು ಅಂತ ನೋಡುವುದಿಲ್ಲ, ಎಲ್ಲವನ್ನೂ ಒಂದೇ ಸಮ ಕತ್ತರಿಸುತ್ತದೆ. ಕೆಳಗೆ ನುಣ್ಣನೆ ಹಿಟ್ಟು, ಮೇಲೆ ಇಡೀ ಕಾಳು. ಚೀಲದ ವಿಧಾನದಲ್ಲಿ ಒಂದೆರಡು ಪೌಂಡ್‌ಗೆ, ಬಿಟ್ಟು ಬಿಟ್ಟು ತಿರುಗಿಸಿ ಹೇಗೋ ಸುಧಾರಿಸಬಹುದು. 5 ಕೆಜಿ ಅಂದರೆ ಜಾರು ತುಂಬಿ ಸುರಿದು, ತುಂಬಿ ಸುರಿದು, ಮೋಟಾರು ಬಿಸಿಯಾಗಿ ವಾಸನೆ ಹೊಡೆಯುತ್ತದೆ. ಗೋಧಿ, ರಾಗಿ ಬೀಸುವ ಮನೆ ಗಿರಣಿಯೂ ಬೇಡ. ಅದು ಹಿಟ್ಟು ಮಾಡಲೆಂದೇ ಹುಟ್ಟಿದ್ದು.

ಕೈಯಲ್ಲಿ ತಿರುಗಿಸುವ ಪ್ಲೇಟ್ ಮಿಲ್

ಅಮೆರಿಕದ ಮನೆ ಬಿಯರ್‌ನವರು ಇದನ್ನು ಕೊರೊನಾ ಮಿಲ್ ಅನ್ನುತ್ತಾರೆ. ಕೊಲಂಬಿಯಾದ ಒಂದು ಬ್ರ್ಯಾಂಡ್ ಹೆಸರು ಅದು, ಮೆಕ್ಕೆಜೋಳ ಅರೆಯಲು ಮಾಡಿದ್ದು. ಲ್ಯಾಟಿನ್ ಅಮೆರಿಕದವರ ದಿನಸಿ ಅಂಗಡಿಗಳಲ್ಲಿ ಅಂಥದ್ದೇ ಬೇರೆ ಹೆಸರಿನವೂ ಸಿಗುತ್ತವೆ. ಬೆಲೆ ಸಾಮಾನ್ಯವಾಗಿ 30ರಿಂದ 60 ಡಾಲರ್.

ಎರಡು ಬೀಡು ಕಬ್ಬಿಣದ ಬಿಲ್ಲೆಗಳು ಎದುರುಬದುರು ಇರುತ್ತವೆ. ಒಂದು ಕದಲುವುದಿಲ್ಲ, ಇನ್ನೊಂದು ಹಿಡಿಕೆಯ ಜೊತೆ ತಿರುಗುತ್ತದೆ. ಅದರ ತೊಂದರೆ ಇರುವುದೂ ಇಲ್ಲೇ. ತಿರುಗುವ ಬಿಲ್ಲೆ ಸಡಿಲವಾಗಿ ಕೂತಿರುತ್ತದೆ, ಒಂದು ಪಕ್ಕ ಹತ್ತಿರ ಬಂದಾಗ ಇನ್ನೊಂದು ಪಕ್ಕ ದೂರ ಹೋಗುತ್ತದೆ. ಹಾಗಾಗಿ ಒಂದೇ ಸುತ್ತಿನಲ್ಲಿ ಹಿಟ್ಟೂ ಬೀಳುತ್ತದೆ, ಇಡೀ ಕಾಳೂ ಬೀಳುತ್ತದೆ. ಬಿಲ್ಲೆಯ ಹಿಂದೆ ಒಂದೆರಡು ವಾಷರ್ ಹಾಕಿ ಆ ಓಲಾಟ ಕಡಿಮೆ ಮಾಡಿ. ಅಂತರ ಹೊಂದಿಸುವ ತಿರುಪು ಬೀಸುವಾಗ ತಾನೇ ಬಿಚ್ಚಿಕೊಳ್ಳುತ್ತದೆ, ಅದಕ್ಕೊಂದು ಲಾಕ್ ನಟ್ ಬಿಗಿಯಿರಿ. ಕಾಳು ನಾಲ್ಕೂ ಕಡೆ ಸಿಡಿಯುವುದರಿಂದ ಮಿಲ್ಲಿನ ಬಾಯಿಯನ್ನು ಪೂರ್ತಿ ಬಕೆಟ್‌ನೊಳಗೆ ಇಳಿಸಿ ಕೂರಿಸಬೇಕು. ಹಿಡಿಕೆ ತೆಗೆದು ಆ ಜಾಗಕ್ಕೆ ಬೋಲ್ಟ್ ಹಾಕಿದರೆ ಡ್ರಿಲ್ ಜೋಡಿಸಬಹುದು. 5 ಕೆಜಿ ಕೈಯಲ್ಲೇ ತಿರುಗಿಸುವುದು ಭುಜಕ್ಕೆ ಒಳ್ಳೆಯ ವ್ಯಾಯಾಮ, ಎರಡನೇ ಸಲಕ್ಕೆ ಡ್ರಿಲ್ ನೆನಪಾಗಿಯೇ ಆಗುತ್ತದೆ.

ಇಷ್ಟು ರಿಪೇರಿ ಮಾಡಿಕೊಳ್ಳಲು ಉತ್ಸಾಹ ಇರುವವರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ಸ್ಪ್ಯಾನರ್ ಹಿಡಿಯುವುದೇ ಬೇಸರ ಅನ್ನುವವರು ಮುಂದಿನದಕ್ಕೆ ಹೋಗಿ.

ಎರಡು ರೋಲರ್ ಮಿಲ್: ನೋಡಬೇಕಾದ್ದು, ಬಿಡಬೇಕಾದ್ದು

ಹೊಸದು ಸುಮಾರು 100 ಡಾಲರಿನಿಂದ ಶುರು. 150ರ ಒಳಗೆ ಚೆನ್ನಾಗಿರುವುದೇ ಸಿಗುತ್ತದೆ. ಮೈಮೇಲೆ ಗೆರೆ ಕೊರೆದ ಎರಡು ಉಕ್ಕಿನ ಉರುಳೆಗಳು. ಒಂದನ್ನು ಹಿಡಿಕೆ ತಿರುಗಿಸುತ್ತದೆ. ಇನ್ನೊಂದು ಕಾಳಿನ ಒತ್ತಡಕ್ಕೆ ತಾನಾಗಿ ತಿರುಗುತ್ತದೆ. ಮಧ್ಯೆ ಸಿಕ್ಕ ಕಾಳು ಚಪ್ಪಟೆಯಾಗಿ, ಸಿಪ್ಪೆ ಉದ್ದಕ್ಕೆ ಬಿರಿದು, ತಿರುಳು ಒಡೆದು ಉದುರುತ್ತದೆ.

ಕೊಳ್ಳುವಾಗ ಪಟ್ಟು ಹಿಡಿಯಬೇಕಾದದ್ದು ಒಂದೇ: ಉರುಳೆಗಳ ನಡುವಿನ ಗ್ಯಾಪ್ ಬದಲಾಯಿಸಲು ಬರಬೇಕು, ಎರಡೂ ತುದಿಯಲ್ಲಿ ಬರಬೇಕು, ಬಿಗಿದ ಮೇಲೆ ಕದಲಬಾರದು. ಗ್ಯಾಪ್ ಕಾಯಂ ಆಗಿರುವ ಮಿಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಗೋಧಿ ಮಾಲ್ಟ್‌ನ ಕಾಳು ಬಾರ್ಲಿಗಿಂತ ಸಣ್ಣದು, ಗಟ್ಟಿ. ಬಾರ್ಲಿಗೆ ಸರಿಯಾದ ಗ್ಯಾಪ್‌ನಲ್ಲಿ ಅದು ಹಾಗೇ ನುಸುಳಿ ಹೋಗುತ್ತದೆ.

ಡ್ರಿಲ್ ಜೋಡಿಸುವಂತೆ ಹಿಡಿಕೆಯ ದಂಡ ಬಿಚ್ಚಲು ಬರುತ್ತದಾ ನೋಡಿ. ಕೆಳಗೆ ಬಕೆಟ್ ಮೇಲೆ ಕೂರುವ ಹಲಗೆ ಇದ್ದರೆ ಒಂದು ಕೆಲಸ ಉಳಿಯಿತು. ಉರುಳೆ ದಪ್ಪ ಇದ್ದಷ್ಟೂ ಕಾಳನ್ನು ಚೆನ್ನಾಗಿ ಕಚ್ಚಿ ಎಳೆದುಕೊಳ್ಳುತ್ತದೆ, ಆದರೆ ಮನೆಗೆ ಒಂದೂಕಾಲು ಇಂಚಿನದು ಧಾರಾಳ ಸಾಕು. ಮೂರು ರೋಲರ್, ಸ್ಟೇನ್‌ಲೆಸ್ ಉರುಳೆ, 20 ಪೌಂಡ್ ಹಿಡಿಯುವ ಹಾಪರ್ (ಮೇಲೆ ಕಾಳು ಸುರಿಯುವ ಬುಟ್ಟಿ), ಸ್ವಂತ ಮೋಟಾರು, ಇವೆಲ್ಲ ಅಂದಕ್ಕೆ. ಮಾಮೂಲಿ ಉಕ್ಕಿನದಕ್ಕೆ ನೀರು ತಾಗಿಸದೆ ಇದ್ದರೆ ತುಕ್ಕಿನ ಭಯವಿಲ್ಲ.

ಬಂದ ಮೇಲೆ ಗ್ಯಾಪ್ ಹೊಂದಿಸುವುದು

ವಾಹನದ ಬಿಡಿಭಾಗ ಮಾರುವ ಅಂಗಡಿಯಲ್ಲಿ ಫೀಲರ್ ಗೇಜ್ ಅಂತ ಸಿಗುತ್ತದೆ. ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಪಟ್ಟಿಗಳ ಕಟ್ಟು, ಕೆಲವೇ ಡಾಲರ್. ಅದಿಲ್ಲದೆ ಮಿಲ್ ಕೊಳ್ಳಬೇಡಿ. ಮಿಲ್ಲಿನ ಗ್ಯಾಪ್ ಹೊಂದಿಸುವ ಗುಂಡಿಯ ಮೇಲಿನ ಗೆರೆಗಳನ್ನು ನಂಬಲಾಗದು. ಪಟ್ಟಿಯನ್ನು ಉರುಳೆಗಳ ಮಧ್ಯೆ ತೂರಿಸಿ. ಸ್ವಲ್ಪ ಹಿಡಿದು ಹಿಡಿದು ಜಾರಬೇಕು. ಎಡ ತುದಿಯಲ್ಲಿ ಒಮ್ಮೆ, ಬಲ ತುದಿಯಲ್ಲಿ ಒಮ್ಮೆ. ಬಿಗಿಯುವಾಗ ಗ್ಯಾಪ್ ಕದಲುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ನೋಡಿ.

ಕೂಲರ್‌ನವರು 1 ಮಿಲಿಮೀಟರಿನಿಂದ ಶುರು ಮಾಡಿ. ಪೆಟ್ಟಿಗೆಯ ಮೇಲೆ 0.039 ಇಂಚು ಅಂತ ಬರೆದಿದ್ದರೆ ಅದೇ ಇದು. ಚೀಲದವರು 0.75ರ ಆಸುಪಾಸಿಗೆ ಇಳಿಯಬಹುದು. ಗೇಜ್ ಸಿಗದ ದಿನಕ್ಕೆ ಹಳೆಯ ಕ್ರೆಡಿಟ್ ಕಾರ್ಡ್ ಆಗುತ್ತದೆ, ಅದರ ದಪ್ಪ 0.76 ಮಿಲಿಮೀಟರ್. ಉಬ್ಬು ಅಕ್ಷರ ಇಲ್ಲದ ಅಂಚಿನಲ್ಲಿ ತೂರಿಸಿ.

ಹೊಸ ಉರುಳೆಗೆ ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮೊದಲ ಒಂದು ಪೌಂಡ್ ಮಾಲ್ಟ್ ಒಡೆದು ಎಸೆದುಬಿಡಿ. ಆಮೇಲೆ ಒಂದು ಹಿಡಿ ಒಡೆದು ಬಿಳಿ ಕಾಗದದ ಮೇಲೆ ಹರಡಿ, ಬೆಳಕಿನಲ್ಲಿ ನೋಡಿ. ಸಿಪ್ಪೆಗಳು ದೋಣಿಯಾಕಾರದಲ್ಲಿ, ಬಹುಪಾಲು ಇಡಿಯಾಗಿ ಇರಬೇಕು. ಒಂದೆರಡು ಸಿಪ್ಪೆ ಎತ್ತಿ ಬೆರಳಲ್ಲಿ ಉಜ್ಜಿ. ಒಳಗೆ ಗಟ್ಟಿ ತುಣುಕು ಸಿಕ್ಕರೆ ಅಲ್ಲಿ ಸಕ್ಕರೆ ಉಳಿದುಹೋಗಿದೆ ಅಂತ ಅರ್ಥ. ತಿರುಳು ನುಚ್ಚು, ರವೆ ಎರಡೂ ಬೆರೆತ ಹಾಗೆ ಇರಲಿ, ನುಣ್ಣನೆ ಹಿಟ್ಟು ಸ್ವಲ್ಪ ಮಾತ್ರ. ಇಡೀ ಕಾಳು ಹಿಡಿಗೆ ಒಂದೋ ಎರಡೋ ಇದ್ದರೆ ಪರವಾಗಿಲ್ಲ, ಜಾಸ್ತಿ ಕಂಡರೆ 0.1 ಮಿಲಿಮೀಟರ್ ಇಳಿಸಿ ಮತ್ತೆ ನೋಡಿ. ಒಂದೇ ಸಲ ಜಾಸ್ತಿ ಇಳಿಸಬೇಡಿ. ಪ್ರತಿ ಸಲದ ಗ್ಯಾಪ್ ಮತ್ತು ಸಿಕ್ಕ ರಸದ ಸಾಂದ್ರತೆ ಬರೆದಿಡಿ.

ಸಣ್ಣಗೆ ಒಡೆದರೆ ಬಿಯರ್ ಒಗರಾಗುತ್ತದೆ ಅಂತ ಹೆದರಿಸುವವರಿದ್ದಾರೆ. ಪುಡಿ ಸಿಪ್ಪೆ ಸ್ವಲ್ಪ ಕಾರಣ ಹೌದು. ಆದರೆ ಒಗರು ಜಾಸ್ತಿ ಇಳಿಯುವುದು ರಸದ ಪಿಎಚ್ (ಹುಳಿಯ ಅಳತೆ, ಏರಿದಷ್ಟೂ ಹುಳಿ ಕಡಿಮೆ) 6ರ ಹತ್ತಿರ ಏರಿದಾಗ ಮತ್ತು 77 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ, ಉಳಿದ ಸಕ್ಕರೆಗಾಗಿ ಚರಟ ತೊಳೆದಾಗ. ಮಿಲ್‌ಗೆ ಬೈಯುವ ಮೊದಲು ಥರ್ಮಾಮೀಟರ್ ನೋಡಿ.

ನಲ್ಲಿ ಕಟ್ಟುತ್ತಲೇ ಇದ್ದರೆ ದುಡ್ಡು ಖರ್ಚಿಲ್ಲದ ಉಪಾಯವಿದೆ. ಒಡೆಯುವ ಮುಂಚೆ ಮಾಲ್ಟ್‌ಗೆ ಅದರ ತೂಕದ ನೂರಕ್ಕೆ 2ರಷ್ಟು ನೀರು ಚಿಮುಕಿಸಿ. 5 ಕೆಜಿಗೆ 100 ಮಿಲಿಲೀಟರ್. ಸ್ಪ್ರೇ ಬಾಟಲಿಯಲ್ಲಿ ಸಿಂಪಡಿಸುತ್ತಾ ಕೈಯಾಡಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮೆತ್ತಗಾಗಿ ಚರ್ಮದ ಹಾಗೆ ಬಾಗುತ್ತದೆ, ಮುರಿಯುವುದಿಲ್ಲ. ತಿರುಳು ಒಣಗಿಯೇ ಇರುತ್ತದೆ. ಕೊನೆಗೆ ಒಂದು ಹಿಡಿ ಒಣ ಕಾಳು ಓಡಿಸಿದರೆ ಉರುಳೆಯ ತೇವ ಹೋಗುತ್ತದೆ. ಅದೂ ಸಾಲದಿದ್ದರೆ ಭತ್ತದ ಹೊಟ್ಟು ಬೆರೆಸುತ್ತಾರೆ. ನಮ್ಮ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬಿದ್ದಿರುತ್ತದಲ್ವಾ, ಅದನ್ನೇ ಅಲ್ಲಿ ಪ್ಯಾಕೆಟ್ ಮಾಡಿ ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ!

ಓಡಿಸುವಾಗ

ಡ್ರಿಲ್ ನಿಧಾನಕ್ಕೆ ತಿರುಗಲಿ, ನಿಮಿಷಕ್ಕೆ 150ರಿಂದ 200 ಸುತ್ತು. ವೇಗ ಜಾಸ್ತಿಯಾದರೆ ಸಿಪ್ಪೆ ಹರಿಯುತ್ತದೆ. ಡ್ರಿಲ್ ಶುರು ಮಾಡಿ ಆಮೇಲೆ ಕಾಳು ಸುರಿಯಿರಿ, ತುಂಬಿದ ಹಾಪರ್‌ನಲ್ಲಿ ಶುರು ಮಾಡಿದರೆ ಕೆಲವು ಡ್ರಿಲ್‌ಗಳು ತಿಣುಕುತ್ತವೆ. ಸಿಕ್ಕಿಕೊಂಡರೆ ಡ್ರಿಲ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆಯೇ ಕೈ ಹಾಕಿ. ಮಾಲ್ಟ್ ದೂಳಿನಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಇರುತ್ತದೆ. ಬಿಯರ್ ಹುದುಗುವ ಕೋಣೆಯಲ್ಲಿ ಒಡೆಯಬೇಡಿ, ಗ್ಯಾರೇಜಿಗೋ ಹಿತ್ತಲಿಗೋ ಒಯ್ಯಿರಿ, ಉರಿಯುವ ಒಲೆಯಿಂದ ದೂರ. ಮುಗಿದ ಮೇಲೆ ಗಟ್ಟಿ ಬ್ರಷ್‌ನಲ್ಲಿ ಉಜ್ಜಿದರೆ ಸಾಕು, ತೊಳೆಯಬಾರದು.

ಸೆಕೆಂಡ್ ಹ್ಯಾಂಡ್

ಹವ್ಯಾಸ ಬಿಟ್ಟವರ ಮಿಲ್‌ಗಳು ಆನ್‌ಲೈನ್‌ನಲ್ಲಿ, ಗ್ಯಾರೇಜ್ ಸೇಲ್‌ಗಳಲ್ಲಿ ಬರುತ್ತಲೇ ಇರುತ್ತವೆ. ಹೋಗುವಾಗ ಜೇಬಿನಲ್ಲಿ ಫೀಲರ್ ಗೇಜ್ ಮತ್ತು ಒಂದು ಹಿಡಿ ಮಾಲ್ಟ್ ಇರಲಿ. ಎರಡನೇ ಉರುಳೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಅದು ಸರಾಗ ತಿರುಗದಿದ್ದರೆ ಕಾಳು ಮೇಲೇ ಕೂತಿರುತ್ತದೆ, ಕೆಳಗೆ ಇಳಿಯುವುದಿಲ್ಲ. ದೂಳು ತುಂಬಿ ಬಿಗಿಯಾಗಿದ್ದರೆ ಬಿಚ್ಚಿ ಬ್ರಷ್ ಹಾಕಿದರೆ ಸರಿಹೋಗುತ್ತದೆ, ಅದನ್ನೇ ತೋರಿಸಿ ಬೆಲೆ ಇಳಿಸಿ. ಉರುಳೆಯ ನಡುಭಾಗದ ಗೆರೆಗಳು ಸವೆದು ನುಣುಪಾಗಿವೆಯಾ ನೋಡಿ, ಹಾಗಿದ್ದರೆ ಬೇಡ. ಮೇಲೆ ಮೇಲಿನ ತುಕ್ಕು ಚಿಂತೆಯಲ್ಲ, ತಂತಿ ಬ್ರಷ್‌ಗೆ ಹೋಗುತ್ತದೆ. ಹಾಪರ್ ಇಲ್ಲದಿದ್ದರೂ ಕೊಳ್ಳಬಹುದು, ನೀರಿನ ಕ್ಯಾನಿನ ತಳ ಕತ್ತರಿಸಿ ಬೋರಲು ಹಾಕಿದರೆ ಆಯಿತು. ಇಷ್ಟೆಲ್ಲ ಸರಿಯಿದ್ದು ಹೊಸದರ ಅರ್ಧ ಬೆಲೆಗೆ ಬಂದರೆ ತನ್ನಿ. ಅದಕ್ಕಿಂತ ಜಾಸ್ತಿ ಹೇಳಿದರೆ ಇನ್ನೊಂದಿಷ್ಟು ದುಡ್ಡು ಸೇರಿಸಿ ಹೊಸದನ್ನೇ ತರಿಸಿಕೊಳ್ಳಿ, ಗ್ಯಾರಂಟಿಯಾದರೂ ಇರುತ್ತದೆ.