ಹದಿನೈದನೇ ಹಣಕಾಸು: ಕ್ರಿಯಾಯೋಜನೆಯಿಂದ ಪಾವತಿವರೆಗೆ

ಕರಾವಳಿಯ ಗ್ರಾಮ ಪಂಚಾಯ್ತಿಗಳಲ್ಲಿ ಕೇಂದ್ರದ ದುಡ್ಡು ಉಳಿಯುವುದು ಕೆಲಸ ಇಲ್ಲದ್ದಕ್ಕಲ್ಲ. ಕಾಮಗಾರಿಯನ್ನು ತಪ್ಪು ಬಾಬತ್ತಿಗೆ ಹಾಕಿರುತ್ತಾರೆ, ಇಲ್ಲವೇ ಗುತ್ತಿಗೆದಾರರ ಬ್ಯಾಂಕ್ ವಿವರ ತಾಳೆಯಾಗಿರುವುದಿಲ್ಲ. ಕುಮಟಾ, ಅಂಕೋಲಾ ಕಡೆಯ ಪಂಚಾಯ್ತಿ ಕೆಲಸದಲ್ಲಿ ನಾನು ಪಾಲಿಸಿಕೊಂಡು ಬಂದ ಕ್ರಮ ಇದು. ಲೆಕ್ಕವೆಲ್ಲ 15ನೇ ಹಣಕಾಸು ಆಯೋಗದ 2021–26ರ ಅವಧಿಯದ್ದು. ಆ ಐದು ವರ್ಷಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಆಯೋಗ ಶಿಫಾರಸು ಮಾಡಿದ್ದು 2,36,805 ಕೋಟಿ ರೂಪಾಯಿ.

ಪಂಚಾಯ್ತಿಗೆ 10 ಲಕ್ಷ ಬಂತು ಎಂದುಕೊಳ್ಳಿ. ಅದರಲ್ಲಿ 6 ಲಕ್ಷ ಟೈಡ್, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕಾದ ಹಣ: 3 ಲಕ್ಷ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ, 3 ಲಕ್ಷ ನೈರ್ಮಲ್ಯಕ್ಕೆ, ಅಂದರೆ ಮನೆ ಕಸದ ವಿಲೇವಾರಿ, ಶೌಚಗುಂಡಿಯ ಹೂಳು ಎಲ್ಲ ಸೇರಿ. ಉಳಿದ 4 ಲಕ್ಷ ಅನ್‌ಟೈಡ್. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಯಾವುದಕ್ಕೂ ಬಳಸಬಹುದು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಇಲ್ಲ. ನೀರಿನ ಅಗತ್ಯ ಪೂರ್ತಿ ಮುಗಿದಿದ್ದರೆ ಆ ಪಾಲನ್ನು ನೈರ್ಮಲ್ಯಕ್ಕೆ ತಿರುಗಿಸಲು ಅವಕಾಶವಿದೆ. ಆದರೆ ಗ್ರಾಮಸಭೆಯ ದೃಢೀಕರಣ ಬೇಕು, ಮೇಲಿನವರ ಒಪ್ಪಿಗೆಯೂ ಬೇಕು. ಸದಸ್ಯರು ಬಾಯಿಮಾತಿನಲ್ಲಿ ಹೂಂ ಅಂದರೆ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಹೆಚ್ಚು ಗೊಂದಲ ಗಟಾರದ್ದು. ಬಚ್ಚಲು ನೀರನ್ನು ಇಂಗುಗುಂಡಿಗೆ ಒಯ್ಯುವ ಗಟಾರವನ್ನು ನೈರ್ಮಲ್ಯದಲ್ಲಿ ಹಾಕುತ್ತೇನೆ. ರಸ್ತೆ ಬದಿ ಮಳೆನೀರು ಹರಿಯುವ ಗಟಾರ ಅನ್‌ಟೈಡ್‌ಗೆ. ಎರಡನ್ನೂ 'ಚರಂಡಿ ನಿರ್ಮಾಣ' ಎಂದು ಒಂದೇ ಸಾಲಿನಲ್ಲಿ ಬರೆದರೆ ಆಕ್ಷೇಪಣೆ ಖಂಡಿತ. ಕಾಮಗಾರಿಯ ಹೆಸರಲ್ಲೇ 'ಬಚ್ಚಲು ನೀರು' ಎಂಬ ಪದ ಇರಲಿ. ಇಂಗುಗುಂಡಿಯ ಜಾಗವನ್ನು ಮಾತ್ರ ಬೇಸಿಗೆಯಲ್ಲಿ ನೋಡಿ ನಿರ್ಧರಿಸಬೇಡಿ. ಕಡಲಂಚಿನ ಮರಳು ನೆಲದಲ್ಲಿ ಜುಲೈ ಹೊತ್ತಿಗೆ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದೆ. ಗುಂಡಿ ನೀರು ಇಂಗಿಸುವ ಬದಲು ತಾನೇ ತುಂಬಿ ನಿಲ್ಲುತ್ತದೆ, ಪಕ್ಕದ ಬಾವಿಯೂ ಕೆಡುತ್ತದೆ. ಚಿರೇಕಲ್ಲಿನ ದಿಬ್ಬದ ಮೇಲೆ ಈ ತೊಂದರೆ ಕಡಿಮೆ.

ಅನುದಾನದ ಕಂತು ಜೂನ್ ಮತ್ತು ಅಕ್ಟೋಬರ್ ಎಂದು ಕಾಗದದಲ್ಲಿದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೆಲಸ ಆಗದು. ಹಾಗಾಗಿ ಆ ನಾಲ್ಕು ತಿಂಗಳಲ್ಲಿ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ ಮುಗಿಸಿಕೊಂಡು, ಮಳೆ ಬಿಟ್ಟ ಕೂಡಲೇ ಕೆಲಸದ ಆದೇಶ ಕೊಡಬೇಕು. ಬಾವಿಯ ಹೂಳೆತ್ತುವುದು ಮಾತ್ರ ಏಪ್ರಿಲ್–ಮೇಗೇ ಇರಲಿ, ನೀರು ತಳ ಕಂಡಾಗಲೇ ಅದು ಸಾಧ್ಯ. ಅಂದರೆ ಬಿಲ್ಲು ಎರಡು ಆರ್ಥಿಕ ವರ್ಷಕ್ಕೆ ಹಂಚಿಹೋಗುತ್ತದೆ. ಆ ಕಾಮಗಾರಿಯನ್ನು ಮುಂದಿನ ವರ್ಷದ ಯೋಜನೆಗೂ ಒಯ್ಯಲು ಮರೆಯಬಾರದು.

ಗ್ರಾಮಸಭೆ ಒಪ್ಪಿದ ಯೋಜನೆ ಪಂಚಾಯ್ತಿಗಳ ಯೋಜನೆ, ಲೆಕ್ಕದ ಜಾಲತಾಣವಾದ ಇ-ಗ್ರಾಮಸ್ವರಾಜ್‌ಗೆ ಏರಿ ಕಾಮಗಾರಿಗೆ ಕೋಡ್ ಬಂದ ಮೇಲೆ ಮೊದಲ ಕೆಲಸ ಜಿಯೋಟ್ಯಾಗ್, ಅಂದರೆ ಜಾಗದ ಗುರುತು ಸಮೇತ ಫೋಟೋ. ಫೋಟೋ ಮೂರು ಹಂತದ್ದು: ಶುರುವಿಗೆ ಮುಂಚೆ, ನಡುವೆ, ಮುಗಿದ ಮೇಲೆ. ಗುತ್ತಿಗೆದಾರರು ಅವಸರದಲ್ಲಿ ಕಂದಕ ತೋಡಿ ಪೈಪ್ ಹಾಕಿ ಮುಚ್ಚಿಬಿಟ್ಟರೆ ಮೊದಲ ಫೋಟೋ ಮತ್ತೆ ಸಿಗುವುದಿಲ್ಲ. ಅದಕ್ಕೇ ಕೆಲಸದ ಆದೇಶವನ್ನು ಆ ಜಾಗದಲ್ಲೇ ನಿಂತು ಫೋಟೋ ತೆಗೆದ ಮೇಲೆ ಕೈಗೆ ಕೊಡುತ್ತೇನೆ.

ಪಾವತಿ ವಾಪಸ್ ಬರುವುದು ಹೆಚ್ಚಾಗಿ ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿಯಿಂದ. ಈ ಭಾಗದಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕ್ ಖಾತೆಗಳು ಹೇರಳ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಹಳೆಯ ಕೋಡ್ ಈಗ ನಡೆಯದು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ಕ್ಕೆ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೇ ಪಾಸ್‌ಬುಕ್ಕಿನ ಜೆರಾಕ್ಸ್ ತಗೊಳ್ಳದೆ ಹೊಸ ಚೆಕ್ ಹಾಳೆ ಕೇಳಿ. ಹೆಸರು ಪಾಸ್‌ಬುಕ್ಕಿನಲ್ಲಿದ್ದಂತೆಯೇ ಇರಬೇಕು, ಇನಿಷಿಯಲ್ ಹಿಂದುಮುಂದಾದರೂ ಕೇಂದ್ರದ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್ ಖಾತೆಯನ್ನು ಒಪ್ಪದೆ ಇರಬಹುದು. ಗುತ್ತಿಗೆದಾರರ ವೆಂಡರ್ ನೋಂದಣಿಯನ್ನು ಬಿಲ್ಲಿನ ದಿನಕ್ಕೆ ಇಡದೆ ಕೆಲಸದ ಆದೇಶದ ವಾರದಲ್ಲೇ ಮುಗಿಸುತ್ತೇನೆ.

ಕಡಿತದಲ್ಲಿ ಆಗುವ ತಪ್ಪು ಒಂದೇ. ಗುತ್ತಿಗೆ ಮೊತ್ತ 2.5 ಲಕ್ಷ ಮೀರಿದರೆ ಜಿಎಸ್‌ಟಿ ಟಿಡಿಎಸ್, ಅಂದರೆ ಪಾವತಿಯಲ್ಲೇ ಹಿಡಿಯುವ ತೆರಿಗೆ, ಶೇ. 2. ಅದನ್ನು ತೆರಿಗೆ ಬಿಟ್ಟ ಮೊತ್ತದ ಮೇಲೆ ಹಿಡಿಯಬೇಕು. ತೆರಿಗೆ ಬಿಟ್ಟು 3 ಲಕ್ಷದ ಬಿಲ್ಲಿಗೆ 6,000 ರೂಪಾಯಿ, ಅಷ್ಟೆ. ಪೂರ್ತಿ ಬಿಲ್ಲಿನ ಮೇಲೆ ಹಿಡಿದರೆ ಗುತ್ತಿಗೆದಾರರು ಮರುದಿನವೇ ಬಾಗಿಲಲ್ಲಿ ನಿಂತಿರುತ್ತಾರೆ, ಅವರದು ತಪ್ಪೂ ಅಲ್ಲ. ಆದಾಯ ತೆರಿಗೆ ವ್ಯಕ್ತಿಗಾದರೆ ಶೇ. 1, ಸಂಸ್ಥೆಗಾದರೆ ಶೇ. 2. ಕಾರ್ಮಿಕ ಸೆಸ್ ಮತ್ತು ಕಲ್ಲು, ಮರಳಿನ ರಾಜಧನ ಬೇರೆ.

ಪಾವತಿ ವೋಚರ್‌ಗೆ ಅಧ್ಯಕ್ಷರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ, ಬೇಕು. 30 ತಿಂಗಳಿಗೆ ಅಧ್ಯಕ್ಷರು ಬದಲಾಗುವ ಹೊತ್ತಿನಲ್ಲಿ ಹೊಸ ಡಿಎಸ್‌ಸಿ ನೋಂದಣಿಯಾಗುವವರೆಗೆ ಪಾವತಿ ನಿಂತೇಹೋಗುತ್ತದೆ. ಆ ದಿನಾಂಕಕ್ಕೆ ಮುಂಚಿನ ತಿಂಗಳಲ್ಲೇ ಬಾಕಿ ಬಿಲ್ಲು ತೀರಿಸಿಬಿಡಿ. ದಿನವಹಿ ಪುಸ್ತಕ, ತಿಂಗಳ ಪುಸ್ತಕ ಆಗಾಗ ಮುಚ್ಚುತ್ತಿರಿ. 2023–24ರಿಂದ ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಮತ್ತು ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಆನ್‌ಲೈನ್‌ನಲ್ಲಿ ಇಲ್ಲದ ಪಂಚಾಯ್ತಿಗೆ ಅನುದಾನವೇ ಇಲ್ಲ.